ರಾಕೆಟ್ ಎಂಜಿನ್ ಪರೀಕ್ಷಾ ಕೇಂದ್ರದ ಅವಘಡಗಳ ತನಿಖೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸುರತ್ಕಲ್ ಮತ್ತು ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬೈಕಂಪಾಡಿಯ ಫಿಟ್ಟರ್‌ಗಳು, ಮಲ್ಪೆಯ ಐಸ್ ಪ್ಲಾಂಟ್ ಮೆಕ್ಯಾನಿಕ್‌ಗಳು, ಮಕ್ಕಳನ್ನು ಇಸ್ರೋಗೆ ಸೇರಿಸಬೇಕೆಂದಿರುವ ತಂದೆತಾಯಿ ಮಾತಿನ ನಡುವೆಯೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲು ತಿಳಿಯಬೇಕಾದದ್ದು

ಎಂಜಿನ್ನನ್ನು ನೆಲಕ್ಕೆ ಕಟ್ಟಿಹಾಕಿ ಉರಿಸುವುದು ತಾನೇ, ಹಾರಿಸುವುದಲ್ಲವಲ್ಲ. ಅವಘಡ ಆಗ್ಲಿಕ್ಕೆ ಎಂತ ಉಂಟು ಅದರಲ್ಲಿ?

ಎಂಜಿನ್ ಉರಿಯುವುದು ಕೆಲವು ಸೆಕೆಂಡ್, ಹೆಚ್ಚೆಂದರೆ ಕೆಲವು ನಿಮಿಷ. ಅದರ ಹಿಂದೆ ಮುಂದೆ ಗಂಟೆಗಟ್ಟಲೆ ಟ್ಯಾಂಕ್ ತುಂಬಿಸುವುದು, ಪೈಪ್ ತಣ್ಣಗಾಗಿಸುವುದು, ಒತ್ತಡ ಏರಿಸುವುದು, ಖಾಲಿ ಮಾಡುವುದು ನಡೆಯುತ್ತಿರುತ್ತದೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಮಹೇಂದ್ರಗಿರಿಯಲ್ಲಿರುವ ಇಸ್ರೋ ಕೇಂದ್ರದಂಥ ಕಡೆ ಎಂಜಿನ್ ಎನ್ನುವುದು ಟೆಸ್ಟ್ ಸ್ಟ್ಯಾಂಡಿನ (ಎಂಜಿನ್ ಕಟ್ಟಿ ಉರಿಸುವ ಕಟ್ಟಡದ) ಒಂದು ಭಾಗ ಅಷ್ಟೆ. ಅದರ ಸುತ್ತ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನ ದ್ರವ ಆಮ್ಲಜನಕ, ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್, ನೂರಾರು ಬಾರ್ (ಒಂದು ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡದ ನೈಟ್ರೋಜನ್ ಮತ್ತು ಹೀಲಿಯಂ ಬಾಟಲಿಗಳು, ರೆಗ್ಯುಲೇಟರ್, ಸೇಫ್ಟಿ ವಾಲ್ವ್, ಹೋಸ್, ಕ್ರೇನ್ ಎಲ್ಲ ಇರುತ್ತವೆ. ಕೆಡುವುದು ಎಂಜಿನ್ನೇ ಆಗಬೇಕೆಂದಿಲ್ಲ. 50 ಲೀಟರಿನ ಒಂದು ನೈಟ್ರೋಜನ್ ಸಿಲಿಂಡರ್ 200 ಬಾರ್‌ನಲ್ಲಿ ಒಡೆದರೆ ಹೊರಬರುವ ಶಕ್ತಿ ಲೆಕ್ಕದ ಪ್ರಕಾರ ಸುಮಾರು ಅರ್ಧ ಕಿಲೋ ಟಿಎನ್‌ಟಿ ಸ್ಫೋಟಕದಷ್ಟು. ಅದಕ್ಕೆ ಇಂಧನವೂ ಬೇಡ, ಕಿಡಿಯೂ ಬೇಡ.

2007ರ ಜುಲೈ 26ರಂದು ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಸ್ಕೇಲ್ಡ್ ಕಾಂಪೋಸಿಟ್ಸ್ ಕಂಪನಿ ಮಾಡುತ್ತಿದ್ದದ್ದು ಎಂಜಿನ್ ಉರಿಸುವ ಪರೀಕ್ಷೆಯಲ್ಲ, ನೈಟ್ರಸ್ ಆಕ್ಸೈಡನ್ನು ಇಂಜೆಕ್ಟರ್ (ದ್ರವವನ್ನು ಎಂಜಿನ್ನಿನೊಳಗೆ ಸಿಂಪಡಿಸುವ ಭಾಗ) ಮೂಲಕ ಸುಮ್ಮನೆ ಹರಿಸಿ ನೋಡುವ ಪರೀಕ್ಷೆ. ಸ್ಫೋಟದಲ್ಲಿ ಮೂವರು ಸತ್ತರು, ಮೂವರು ಗಾಯಗೊಂಡರು. ‘ಇವತ್ತು ಉರಿಸುವುದಿಲ್ಲ, ಹಾಗಾಗಿ ಹತ್ತಿರ ನಿಲ್ಲಬಹುದು’ ಎಂಬ ಲೆಕ್ಕಾಚಾರದಷ್ಟು ಅಪಾಯದ್ದು ಈ ಕೆಲಸದಲ್ಲಿ ಬೇರೆ ಇಲ್ಲ.

ಸ್ಫೋಟ ಆದರೆ ಮಾತ್ರ ಅವಘಡವಾ? ಪರೀಕ್ಷೆ ಅರ್ಧಕ್ಕೆ ನಿಂತರೆ ಅದಕ್ಕೂ ತನಿಖೆ ಉಂಟಾ?

ಉಂಟು. ನಿಜ ಹೇಳಬೇಕೆಂದರೆ ಅಂಥ ತನಿಖೆಯೇ ಹೆಚ್ಚು ಫಲ ಕೊಡುತ್ತದೆ, ಯಾಕೆಂದರೆ ಯಂತ್ರ ಇಡಿಯಾಗಿ ಕೈಗೆ ಸಿಗುತ್ತದೆ. 2023ರ ಜುಲೈ 1ರಂದು ಮಹೇಂದ್ರಗಿರಿಯಲ್ಲಿ ಸೆಮಿ ಕ್ರಯೋಜೆನಿಕ್ (ದ್ರವ ಆಮ್ಲಜನಕ ಮತ್ತು ಸೀಮೆಎಣ್ಣೆಯಲ್ಲಿ ಓಡುವ) ಎಂಜಿನ್ನಿನ ಪಂಪು ಮತ್ತು ಟರ್ಬೈನ್ ಇರುವ ಭಾಗವನ್ನು 4.5 ಸೆಕೆಂಡ್ ಪರೀಕ್ಷಿಸಬೇಕಿತ್ತು. 1.9 ಸೆಕೆಂಡ್‌ವರೆಗೆ ಎಲ್ಲ ಲೆಕ್ಕದಂತೆ ಹೋಯಿತು. 2.0 ಸೆಕೆಂಡಿಗೆ ಟರ್ಬೈನ್ ಒತ್ತಡ ದಿಢೀರ್ ಏರಿ, ವೇಗ ಇಳಿಯಿತು. ಮುನ್ನೆಚ್ಚರಿಕೆಯಾಗಿ ಪರೀಕ್ಷೆ ಅಲ್ಲೇ ನಿಲ್ಲಿಸಿದರು. ನಿಲ್ಲಿಸದೆ ಇನ್ನೂ ಎರಡೂವರೆ ಸೆಕೆಂಡ್ ಓಡಿಸಿದ್ದರೆ ನೋಡಲಿಕ್ಕೆ ಏನು ಉಳಿಯುತ್ತಿತ್ತೋ ಹೇಳುವುದು ಕಷ್ಟ.

ಯಾರಿಗೂ ಗಾಯವಾಗದ, ಏನೂ ಮುರಿಯದ, ಆದರೆ ಆಗಬಹುದಾಗಿದ್ದ ಘಟನೆಗಳನ್ನೂ ಬರೆದಿಡಬೇಕು. ಸೇಫ್ಟಿ ವಾಲ್ವ್ ತಾನಾಗಿ ಒಮ್ಮೆ ಊದಿದರೆ ‘ಸರಿ ಕೆಲಸ ಮಾಡ್ತಾ ಉಂಟು’ ಎಂದು ಸುಮ್ಮನಾಗುವವರಿದ್ದಾರೆ. ಅದು ಯಾಕೆ ಊದಬೇಕಾಗಿ ಬಂತು ಎಂದು ಕೇಳುವುದೇ ತನಿಖೆ.

ಎಲ್ಲ ಸುಟ್ಟು ಬೂದಿಯಾದ ಮೇಲೆ ಹುಡುಕ್ಲಿಕ್ಕೆ ಎಂತ ಉಳಿಯುತ್ತದೆ?

ನಾಲ್ಕು ಉಳಿಯುತ್ತವೆ: ಡೇಟಾ, ವಿಡಿಯೋ, ಲೋಹದ ತುಂಡು, ಕಾಗದ. ಹೊಸಬರು ಮೊದಲ ಮೂರಕ್ಕೆ ಮುಗಿಬೀಳುತ್ತಾರೆ. ಆದರೆ ಯಾವ ವಾಲ್ವ್ ಯಾವ ಬ್ಯಾಚಿನದು, ಯಾವ ಬೋಲ್ಟಿಗೆ ಎಷ್ಟು ಟಾರ್ಕ್ ಕೊಟ್ಟರು, ಯಾವ ಇಂಟರ್‌ಲಾಕ್ (ತಪ್ಪು ಕ್ರಮದಲ್ಲಿ ಕೆಲಸ ನಡೆಯದಂತೆ ತಡೆಯುವ ವ್ಯವಸ್ಥೆ) ಬೈಪಾಸ್ ಆಗಿತ್ತು, ಹಿಂದಿನ ಪರೀಕ್ಷೆಯಲ್ಲಿ ಯಾವ ಸಣ್ಣ ದೂರನ್ನು ‘ಮುಂದೆ ನೋಡುವ’ ಎಂದು ಬದಿಗಿಟ್ಟರು ಎನ್ನುವುದೆಲ್ಲ ಸಿಗುವುದು ಕಾಗದದಲ್ಲಿ. ಇವು ನಾಲ್ಕೂ ಅವಘಡಕ್ಕೆ ಮೊದಲೇ ತಯಾರಾಗುವ ಸಾಕ್ಷ್ಯಗಳು. ಸೆನ್ಸರ್ ಹಾಕದ ಜಾಗದ ಡೇಟಾ ಅವಘಡದ ಮರುದಿನ ಎಲ್ಲಿಂದಲೂ ಹುಟ್ಟುವುದಿಲ್ಲ.

ತನಿಖೆ ಮಾಡುವುದು ಯಾರು? ಪೊಲೀಸರಾ?

ಸಾವು ನೋವು ಆಗಿದ್ದರೆ ಪೊಲೀಸರು ಬರುತ್ತಾರೆ. ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ ಬರುತ್ತದೆ. ಸ್ಫೋಟಕ ಮತ್ತು ಒತ್ತಡದ ಪಾತ್ರೆಗಳ ವಿಷಯವಾದರೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೋ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಬರುತ್ತದೆ. ತಾಂತ್ರಿಕ ಕಾರಣ ಹುಡುಕುವುದು ಸಾಮಾನ್ಯವಾಗಿ ಸಂಸ್ಥೆಯೇ ನೇಮಿಸುವ ವೈಫಲ್ಯ ವಿಶ್ಲೇಷಣಾ ಸಮಿತಿ. ಆ ಪರೀಕ್ಷೆಯ ಮುಖ್ಯಸ್ಥ ಸಮಿತಿಯ ಎದುರು ಕೂತು ಉತ್ತರ ಕೊಡಬೇಕೇ ಹೊರತು ಸಮಿತಿಯ ಅಧ್ಯಕ್ಷನಾಗಬಾರದು. ಯಾರ ಮೇಲೆ ಕೇಸು ಎಂಬ ವಿಚಾರಣೆ, ಏನು ಕೆಟ್ಟಿತು ಎಂಬ ತನಿಖೆ ಎರಡನ್ನೂ ಬೇರೆಬೇರೆ ಇಟ್ಟರೆ ಮಾತ್ರ ಜನ ಬಾಯಿ ಬಿಡುತ್ತಾರೆ.

ಮಗಳಿಗೆ ಈ ಕೆಲಸದಲ್ಲಿ ಆಸಕ್ತಿ ಉಂಟು. ಎಂತ ಓದಿಸಬೇಕು?

ಮೆಕ್ಯಾನಿಕಲ್, ಕೆಮಿಕಲ್, ಇನ್‌ಸ್ಟ್ರುಮೆಂಟೇಶನ್ ಯಾವುದೂ ಆಗುತ್ತದೆ. ಮುರಿದ ಲೋಹ ಓದುವ ಕೆಲಸ ಇಷ್ಟವಾದರೆ ಮೆಟಲರ್ಜಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲೇ ಆ ವಿಭಾಗವಿದೆ. ಡಿಪ್ಲೊಮಾ, ಐಟಿಐ ಮಾಡಿದವರಿಗೂ ಟೆಸ್ಟ್ ಸ್ಟ್ಯಾಂಡಿನಲ್ಲಿ ಕೆಲಸವಿದೆ. ಒಳ್ಳೆಯ ಫಿಟ್ಟರ್ ಗಮನಿಸುವ ಎಷ್ಟೋ ಸಂಗತಿ ಡಾಕ್ಟರೇಟ್ ಆದವರ ಕಣ್ಣಿಗೆ ಬೀಳುವುದಿಲ್ಲ. 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್ ಹುಟ್ಟಿದ್ದು ಉಡುಪಿಯ ಅದಮಾರಿನಲ್ಲಿ. ಹಾಗಾಗಿ ನಮ್ಮ ಊರಿನವರಿಗೆ ಅದೆಲ್ಲ ದೂರ ಎನ್ನುವ ಮಾತು ಬೇಡ.

## ಮೊದಲ ಗಂಟೆ

ಶಬ್ದ ಕೇಳಿದ ಕೂಡಲೇ ಓಡಿ ಹೋಗಿ ನೋಡಬಾರದಾ? ಒಳಗೆ ಯಾರಾದರೂ ಇದ್ದರೆ?

ಒಳಗೆ ಯಾರಿದ್ದಾರೆ ಎಂಬುದು ಪರೀಕ್ಷೆಗೆ ಮೊದಲೇ ತಲೆ ಎಣಿಸಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತನಿಖೆಯ ಮೊದಲ ಟಿಪ್ಪಣಿ ಅದೇ. ಕಂಟ್ರೋಲ್ ರೂಮಿನಿಂದಲೇ ಇಂಧನ ಮತ್ತು ಆಕ್ಸಿಡೈಸರ್ (ಇಂಧನ ಉರಿಯಲು ಆಮ್ಲಜನಕ ಒದಗಿಸುವ ಪದಾರ್ಥ) ವಾಲ್ವ್ ಮುಚ್ಚಿ, ಟ್ಯಾಂಕಿನ ಒತ್ತಡ ಬಿಟ್ಟು, ಒತ್ತಡ ಇಳಿದದ್ದನ್ನು ಎರಡು ಬೇರೆಬೇರೆ ಸೆನ್ಸರ್‌ನಲ್ಲಿ ನೋಡಿದ ಮೇಲೆಯೇ ಹೆಜ್ಜೆ ಹೊರಗಿಡಬೇಕು. ಹೋಗುವವರು ಇಬ್ಬರು, ಗಾಳಿ ಯಾವ ಕಡೆಯಿಂದ ಬೀಸಿ ಬರುತ್ತದೋ ಆ ಕಡೆಯಿಂದ, ಕೈಯಲ್ಲಿ ಆಮ್ಲಜನಕದ ಮೀಟರ್.

ಮೀಟರ್ ಯಾಕೆಂದರೆ ನೈಟ್ರೋಜನ್‌ಗೆ ವಾಸನೆ ಇಲ್ಲ. ಒಂದು ಲೀಟರ್ ದ್ರವ ನೈಟ್ರೋಜನ್ ಸುಮಾರು 700 ಲೀಟರ್ ಅನಿಲವಾಗುತ್ತದೆ. ತಗ್ಗಿನಲ್ಲಿ, ಕೇಬಲ್ ಟ್ರೆಂಚಿನಲ್ಲಿ, ಪಂಪ್ ಪಿಟ್ಟಿನಲ್ಲಿ ತಣ್ಣಗೆ ಕೂತಿರುತ್ತದೆ. ಆಮ್ಲಜನಕ 19.5 ಶೇಕಡಕ್ಕಿಂತ ಕೆಳಗೆ ತೋರಿಸಿದರೆ ಉಸಿರಾಟದ ಸೆಟ್ ಇಲ್ಲದೆ ಒಳಗೆ ಹೋಗುವ ಮಾತಿಲ್ಲ. ಬಿದ್ದವನನ್ನು ಎತ್ತಲು ಹೋಗಿ ಎರಡನೆಯವ ಬೀಳುವುದು ಇಂಥ ಜಾಗಗಳಲ್ಲಿ ಮತ್ತೆ ಮತ್ತೆ ಆಗುವ ಸಾವು.

ಮೀಟರ್ 23.5 ಶೇಕಡ ದಾಟಿ ಮೇಲೆ ತೋರಿಸಿದರೂ ನಿಲ್ಲಬೇಕು. ದ್ರವ ಆಮ್ಲಜನಕ ಚೆಲ್ಲಿದ ಡಾಂಬರಿನ ಮೇಲೆ ಬೂಟು ಬಡಿದರೆ ಸಿಡಿಯಬಹುದು. ಆಮ್ಲಜನಕ ಹೀರಿದ ಬಟ್ಟೆ ಗಾಳಿಯಾಡುವಲ್ಲಿ ಕನಿಷ್ಠ ಅರ್ಧ ಗಂಟೆ ಇರಬೇಕು, ಬೀಡಿ ಹಚ್ಚುವ ಮಾತು ಅಂತೂ ಬೇಡ.

ಹೈಡ್ರೋಜನ್ ಬೆಂಕಿ ಕಣ್ಣಿಗೆ ಕಾಣುವುದಿಲ್ಲ ಅಂತಾರಲ್ಲ, ನಿಜವಾ?

ಹಗಲು ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಣುವುದಿಲ್ಲ. ಹೊಗೆಯಿಲ್ಲ, ಹತ್ತಿರ ಹೋಗುವವರೆಗೆ ಬಿಸಿಯೂ ಅಷ್ಟಾಗಿ ತಾಗುವುದಿಲ್ಲ. ಈಗ ಅತಿನೇರಳೆ ಮತ್ತು ಅವಕೆಂಪು ಡಿಟೆಕ್ಟರ್, ಥರ್ಮಲ್ ಕ್ಯಾಮೆರಾ ಇವೆ. ಅವು ಬರುವ ಮೊದಲು ಹೈಡ್ರೋಜನ್ ಕೇಂದ್ರಗಳಲ್ಲಿ ಉದ್ದ ಕೋಲಿನ ಹಿಡಿಸೂಡಿಯನ್ನು (ಪೊರಕೆಯನ್ನು) ಮುಂದೆ ಚಾಚಿಕೊಂಡು ನಡೆಯುತ್ತಿದ್ದರು. ಸೂಡಿಯ ತುದಿ ಹೊತ್ತಿಕೊಂಡರೆ ಬೆಂಕಿ ಅಲ್ಲಿದೆ ಎಂದು ಲೆಕ್ಕ. ಗಾಳಿಯಲ್ಲಿ 4ರಿಂದ 75 ಶೇಕಡವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಬೇಕಾಗುವ ಕಿಡಿ 0.02 ಮಿಲಿಜೂಲ್, ನೈಲಾನ್ ಅಂಗಿ ತೆಗೆಯುವಾಗ ಚಟಪಟ ಎನ್ನುವ ಕಿಡಿಗಿಂತಲೂ ಎಷ್ಟೋ ಕಡಿಮೆ. ಹಾಗಾಗಿ ‘ಕಿಡಿ ಎಲ್ಲಿಂದ ಬಂತು’ ಎಂದು ಹುಡುಕುತ್ತ ವಾರ ಕಳೆಯಬೇಡಿ. ಅನಿಲ ಹೊರಗೆ ಬಂದದ್ದು ಎಲ್ಲಿಂದ ಎಂಬುದಷ್ಟೇ ಉಪಯೋಗಕ್ಕೆ ಬರುವ ಪ್ರಶ್ನೆ.

ಕಂದು ಹೊಗೆ ಸ್ವಲ್ಪ ಮೂಗಿಗೆ ಹೋಯ್ತು, ಈಗ ಆರಾಮ ಇದ್ದಾನೆ. ಮನೆಗೆ ಕಳಿಸಬಹುದಾ?

ಕಳಿಸಬಾರದು. ಕೆಂಪು ಮಿಶ್ರಿತ ಕಂದು ಹೊಗೆ ಎಂದರೆ ನೈಟ್ರೋಜನ್ ಟೆಟ್ರಾಕ್ಸೈಡ್, ಇಸ್ರೋದ ವಿಕಾಸ್ ಎಂಜಿನ್ನಿನಲ್ಲಿ ಬಳಸುವ ಆಕ್ಸಿಡೈಸರ್. ಉಸಿರಾಡಿದವನಿಗೆ ಮೊದಲು ಸ್ವಲ್ಪ ಕೆಮ್ಮು, ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ, ಮತ್ತೆ ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. 24ರಿಂದ 48 ಗಂಟೆ ಆಸ್ಪತ್ರೆಯಲ್ಲಿ ನಿಗಾದಲ್ಲಿ ಇರಬೇಕು. ಯಾವ ರಾಸಾಯನಿಕ ಎಂದು ಚೀಟಿ ಬರೆದು ಜೊತೆಗೆ ಕಳಿಸಿ. ಡ್ಯೂಟಿ ಡಾಕ್ಟರಿಗೆ ರಾಕೆಟ್ ಇಂಧನ ಗೊತ್ತಿರಬೇಕೆಂದಿಲ್ಲ.

‘ಜಾಗ ಹಾಗೇ ಬಿಡಿ’ ಅಂತಾರೆ. ನಮ್ಮ ಮಳೆಗಾಲದಲ್ಲಿ ಅದು ಸಾಧ್ಯ ಉಂಟಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಹಾಗೇ ಬಿಟ್ಟರೆ ಸಾಕ್ಷ್ಯ ಹಾಳು ಮಾಡಿದಂತೆಯೇ. ಮುರಿದ ಉಕ್ಕಿನ ಮೇಲ್ಮೈಗೆ ಇಲ್ಲಿಯ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯುತ್ತದೆ. ಮೊದಲು ಫೋಟೋ: ದೂರದಿಂದ ನಾಲ್ಕು ದಿಕ್ಕು, ಮಧ್ಯಮ ದೂರ, ಸ್ಕೇಲ್ ಇಟ್ಟು ಹತ್ತಿರದಿಂದ. ಆಮೇಲೆ ಶೆಡ್ಡಿನಂತೆ ತಾಡಪಾಲು ಎತ್ತರಕ್ಕೆ ಕಟ್ಟಬೇಕು. ನೇರ ಹೊದೆಸಿದರೆ ತುಂಡುಗಳು ಜಾಗ ಬಿಟ್ಟು ಸರಿಯುತ್ತವೆ, ಒಳಗೆ ಬೆವರುತ್ತದೆ. ಮುಖ್ಯ ತುಂಡುಗಳನ್ನು ಗುರುತು ಹಾಕಿ ಎತ್ತಿ, ಒಣ ನೈಟ್ರೋಜನ್ ಮೆಲ್ಲಗೆ ಊದಿ, ಸಿಲಿಕಾ ಜೆಲ್ ಜೊತೆ ಜಿಪ್ ಚೀಲಕ್ಕೆ ಹಾಕಿ.

ಮುರಿದ ಮುಖವನ್ನು ಬೆರಳಿನಿಂದ ಮುಟ್ಟಬೇಡಿ, ವೈರ್ ಬ್ರಷ್ ಹಾಕಬೇಡಿ. ಎರಡು ತುಂಡು ಕೂಡುತ್ತವೆಯಾ ಎಂದು ಒಂದಕ್ಕೊಂದು ಒತ್ತಿ ನೋಡುವುದಂತೂ ಬೇಡವೇ ಬೇಡ. ಎಲ್ಲರ ಕೈಯೂ ತಾನಾಗಿ ಹೋಗುವುದು ಅಲ್ಲಿಗೇ. ಒಮ್ಮೆ ಉಜ್ಜಿದರೆ ಮೈಕ್ರೋಸ್ಕೋಪಿಗೆ ಬೇಕಾದ ಗುರುತು ಅಳಿಸಿ ಹೋಗುತ್ತದೆ.

ಕೈ ವಾಲ್ವ್ ತೆರೆದಿತ್ತಾ ಮುಚ್ಚಿತ್ತಾ ಅಂತ ಆಮೇಲೆ ದೊಡ್ಡ ಜಗಳ. ಇದಕ್ಕೆ ಎಂತ ಮಾಡುವುದು?

ಪೇಂಟ್ ಮಾರ್ಕರಿನಿಂದ ಸ್ಪಿಂಡಲ್ ಮತ್ತು ಬಾಡಿ ಎರಡರ ಮೇಲೂ ಹಾಯುವ ಒಂದು ಗೆರೆ ಎಳೆದು ಫೋಟೋ ತೆಗೆಯಿರಿ. ಆಮೇಲೆ ಯಾರು ತಿರುಗಿಸಿದರೂ ಗೆರೆ ತಪ್ಪುತ್ತದೆ. ಸುರಕ್ಷತೆಗಾಗಿ ತಿರುಗಿಸಲೇಬೇಕಾದರೆ ಎಷ್ಟು ಸುತ್ತು, ಯಾವ ಕಡೆ, ಎಷ್ಟು ಹೊತ್ತಿಗೆ, ಯಾರು ಎಂದು ಬರೆದು ತಿರುಗಿಸಿ. ಗಾಳಿಯಿಂದ ಓಡುವ ವಾಲ್ವ್ ಬೇರೆ ಸಂಗತಿ. ಅವಘಡದಲ್ಲಿ ಗಾಳಿಯ ಟ್ಯೂಬ್ ತುಂಡಾದರೆ ಅದು ತನ್ನ ಸ್ಪ್ರಿಂಗಿನ ಸ್ಥಿತಿಗೆ ತಾನೇ ಹೋಗುತ್ತದೆ. ಈಗ ಮುಚ್ಚಿದೆ ಎಂದರೆ ಆಗಲೂ ಮುಚ್ಚಿತ್ತು ಎಂದಲ್ಲ.

## ಡೇಟಾ ಓದುವುದು

ಗ್ರಾಫಿನಲ್ಲಿ ಒತ್ತಡ ಸೊನ್ನೆಗೆ ಬಿತ್ತು. ಪೈಪ್ ಒಡೆಯಿತು ಅಂತಲೇ ಅಲ್ವಾ?

ಅಲ್ಲ, ವೈರ್ ಹೋಗಿರಲೂಬಹುದು. 4ರಿಂದ 20 ಮಿಲಿಆಂಪಿಯರ್ ಟ್ರಾನ್ಸ್‌ಮಿಟರಿನಲ್ಲಿ (ಒತ್ತಡವನ್ನು ಕರೆಂಟಾಗಿ ಕಳಿಸುವ ಸೆನ್ಸರಿನಲ್ಲಿ) ಒತ್ತಡ ಸೊನ್ನೆಯಾದರೆ 4 ಮಿಲಿಆಂಪಿಯರ್ ಬರುತ್ತದೆ. ವೈರ್ ತುಂಡಾದರೆ ಕರೆಂಟೇ ಸೊನ್ನೆ. ಇವೆರಡೂ ಗ್ರಾಫಿನಲ್ಲಿ ಹತ್ತಿರ ಹತ್ತಿರ ಕಾಣುತ್ತವೆ. ಅದಕ್ಕೇ ಬಾರ್‌ಗೆ ಪರಿವರ್ತಿಸಿದ ಗ್ರಾಫ್ ಬಿಟ್ಟು ಮೂಲ ಮಿಲಿಆಂಪಿಯರ್ ಕಡತ ನೋಡಬೇಕು. ನಿಜವಾದ ಒತ್ತಡ ಇಳಿಯಲು ಸ್ವಲ್ಪವಾದರೂ ಸಮಯ ಬೇಕು. ಒಂದೇ ಸ್ಯಾಂಪಲ್‌ನಲ್ಲಿ, ಅಂದರೆ ಒಂದು ಅಳತೆಯಿಂದ ಮುಂದಿನದಕ್ಕೆ, ಧೊಪ್ಪನೆ ಬಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಕೇಬಲ್ ಮೇಲೆ. ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿ ತುಂಡಾದರೆ ಇನ್ನೂ ವಿಚಿತ್ರ: ಬಹಳಷ್ಟು ರೆಕಾರ್ಡರ್ ಕಾರ್ಡುಗಳು ಉಷ್ಣತೆಯನ್ನು ಗರಿಷ್ಠಕ್ಕೆ ಏರಿಸಿ ತೋರಿಸುತ್ತವೆ, ನೋಡಿದವರು ಬೆಂಕಿ ಎಂದುಕೊಳ್ಳುತ್ತಾರೆ.

ಚಾನೆಲ್‌ಗಳು (ಒಂದೊಂದು ಸೆನ್ಸರಿನ ದಾಖಲೆ) ಯಾವ ಕ್ರಮದಲ್ಲಿ ಸತ್ತವು ಎಂಬ ಪಟ್ಟಿಯನ್ನು ಕೇಬಲ್ ಟ್ರೇ ನಕ್ಷೆಯ ಮೇಲೆ ಇಟ್ಟು ನೋಡಿ. ಬೆಂಕಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂದು ಅದೇ ಹೇಳುತ್ತದೆ. ಸತ್ತ ಸೆನ್ಸರಿಗೂ ಇಷ್ಟು ಉಪಯೋಗ ಉಂಟು.

ಮೀಟರಿನ ಮೇಲ್ಮಿತಿಯನ್ನೂ ನೋಡಿ. 1970ರಲ್ಲಿ ಚಂದ್ರನತ್ತ ಹೊರಟಿದ್ದ ಅಮೆರಿಕದ ಅಪೊಲೊ 13 ನೌಕೆಯ ಆಮ್ಲಜನಕ ಟ್ಯಾಂಕನ್ನು ಉಡಾವಣೆಗೆ ಮೊದಲು ನೆಲದಲ್ಲಿ ಹೀಟರ್ ಹಾಕಿ ಖಾಲಿ ಮಾಡಿದಾಗ ಒಳಗಿನ ಬಿಸಿ ಎಷ್ಟೋ ನೂರು ಡಿಗ್ರಿಗೆ ಏರಿತ್ತು. ಅಳೆಯುವ ಮೀಟರ್ ಮಾತ್ರ 80 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 27 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ತೋರಿಸುತ್ತಿರಲಿಲ್ಲ. ನೋಡುತ್ತಿದ್ದವರಿಗೆ ಎಲ್ಲ ಸರಿಯಿದ್ದಂತೆ ಕಂಡಿತು.

ಎಷ್ಟು ವೇಗದಲ್ಲಿ ರೆಕಾರ್ಡ್ ಮಾಡಬೇಕು?

ಟ್ಯಾಂಕಿನ ಉಷ್ಣತೆಗೆ ಸೆಕೆಂಡಿಗೆ 10 ಸಲ ಸಾಕು. ಲೈನ್ ಒತ್ತಡಕ್ಕೆ ಸಾವಿರ. ದಹನ ಕೋಣೆಯೊಳಗಿನ ಕಂಪನಕ್ಕೆ ಹತ್ತಾರು ಸಾವಿರ. 2016ರ ಸೆಪ್ಟೆಂಬರ್ 1ರಂದು ಫ್ಲೋರಿಡಾದಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ ನೆಲದ ಪರೀಕ್ಷೆಗೆ ಇಂಧನ ತುಂಬಿಸುವಾಗ ಸ್ಫೋಟಿಸಿತು. ಮೊದಲ ಅಸಹಜ ಸಂಕೇತದಿಂದ ಡೇಟಾ ನಿಲ್ಲುವವರೆಗೆ 93 ಮಿಲಿಸೆಕೆಂಡ್. ಸೆಕೆಂಡಿಗೆ 10 ಸ್ಯಾಂಪಲ್ ಆಗಿದ್ದರೆ ಇಡೀ ಘಟನೆಗೆ ಒಂದೇ ಚುಕ್ಕೆ, ಅದೂ ಸಿಕ್ಕರೆ. ತನಿಖೆಯವರು ಸುಮಾರು 3000 ಚಾನೆಲ್ ಜಾಲಾಡಿದರು. ದ್ರವ ಆಮ್ಲಜನಕದ ಟ್ಯಾಂಕಿನೊಳಗಿನ ಹೀಲಿಯಂ ಬಾಟಲಿಯ ಅಲ್ಯೂಮಿನಿಯಂ ಲೈನರ್ (ಒಳಗೋಡೆ) ಮತ್ತು ಅದರ ಮೇಲೆ ಸುತ್ತಿದ ಕಾರ್ಬನ್ ನಾರಿನ ಪದರದ ನಡುವೆ ಆಮ್ಲಜನಕ ಸಿಕ್ಕಿಕೊಂಡದ್ದು ಸಂಭವನೀಯ ಕಾರಣ ಎಂದು ಹೇಳಿದರು.

ವೇಗಕ್ಕಿಂತಲೂ ಹೆಚ್ಚು ತೊಂದರೆ ಕೊಡುವುದು ಗಡಿಯಾರ. ಎರಡು ರೆಕಾರ್ಡರುಗಳ ಗಡಿಯಾರ 200 ಮಿಲಿಸೆಕೆಂಡ್ ಹಿಂದೆ ಮುಂದೆ ಇದ್ದರೆ ಕಾರಣವೂ ಪರಿಣಾಮವೂ ಅದಲುಬದಲಾಗಿ ಕಾಣುತ್ತವೆ. ಎಲ್ಲಕ್ಕೂ ಜಿಪಿಎಸ್‌ನಿಂದ ಬರುವ ಒಂದೇ ಸಮಯ ಸಂಕೇತ ಕೊಡಿ.

ವಿಡಿಯೋದಲ್ಲಿ ಬೆಂಕಿ ಮೊದಲು ಕಂಡ ಜಾಗವೇ ಮೂಲ ಅಲ್ವಾ?

ಬೆಂಕಿ ಕಾಣುವುದು ಇಂಧನಕ್ಕೆ ಗಾಳಿಯೂ ಕಿಡಿಯೂ ಸಿಕ್ಕಿದಲ್ಲಿ. ಸೋರಿದ್ದು ಎರಡು ಮೀಟರ್ ಆಚೆ ಇರಬಹುದು, ಕ್ಯಾಮೆರಾ ಕಾಣದ ಹಿಂಬದಿಯಲ್ಲೂ ಇರಬಹುದು. ಮಾಮೂಲಿ ಕ್ಯಾಮೆರಾದ ಒಂದು ಫ್ರೇಮ್ ಎಂದರೆ 33 ಮಿಲಿಸೆಕೆಂಡ್. ಮೇಲೆ ಹೇಳಿದ 93 ಮಿಲಿಸೆಕೆಂಡ್ ಮೂರು ಫ್ರೇಮಿಗೆ ಮುಗಿಯಿತು. ಶಬ್ದ ಬಳಸುವಾಗ ದೂರ ಕಳೆಯಲು ಮರೆಯಬೇಡಿ. 340 ಮೀಟರ್ ದೂರದ ಮೈಕಿಗೆ ಸದ್ದು ತಲಪಲು ಒಂದು ಸೆಕೆಂಡ್ ಬೇಕು.

## ತುಂಡುಗಳು ಮತ್ತು ಪೈಪುಗಳು

ಒಡೆದ ತುಂಡು ನೋಡಿಯೇ ಕಾರಣ ಹೇಳ್ತಾರಂತೆ. ಹೇಗೆ?

ನೆಲವನ್ನು 5 ಅಥವಾ 10 ಮೀಟರಿನ ಚೌಕಗಳಾಗಿ ಗುರುತಿಸಿ, ಪ್ರತಿ ತುಂಡಿಗೂ ನಂಬರ್, ಜಾಗ, ತೂಕ, ಯಾವ ಮುಖ ಮೇಲಿತ್ತು ಎಂದು ಬರೆಯುವುದು ಮೊದಲ ಕೆಲಸ. ಅತಿ ದೂರ ಹಾರಿದ ತುಂಡೇ ಮೊದಲು ಮುರಿದದ್ದು ಎಂದುಕೊಳ್ಳಬೇಡಿ. ಅದು ಹಗುರವಾಗಿ, ಒತ್ತಡದ ಎದುರಿಗೆ ಇತ್ತು ಎಂದಷ್ಟೇ ಅರ್ಥ.

ಮುರಿದ ಮುಖದಲ್ಲಿ ಬಾಣದ ತುದಿಯಂಥ ಗೆರೆಗಳಿದ್ದರೆ ಅವು ಬಿರುಕು ಶುರುವಾದ ಕಡೆಗೆ ಬೊಟ್ಟು ಮಾಡುತ್ತವೆ. ಸಮುದ್ರದ ದಂಡೆಯ ಅಲೆಯ ಗುರುತಿನಂತೆ ಬಾಗಿದ ಸಾಲುಗಳಿದ್ದರೆ ಬಿರುಕು ದಿನಗಟ್ಟಲೆ, ಪರೀಕ್ಷೆಯಿಂದ ಪರೀಕ್ಷೆಗೆ ಬೆಳೆದದ್ದು, ಅಂದರೆ ಲೋಹ ದಣಿದದ್ದು. ಅಂಚು ತೆಳ್ಳಗಾಗಿ 45 ಡಿಗ್ರಿಯಲ್ಲಿ ಹರಿದಿದ್ದರೆ ಒಮ್ಮೆಲೇ ಮಿತಿಮೀರಿದ ಹೊರೆ. ಒಂದು ಅವಘಡದಲ್ಲಿ ಸಿಗುವ ಬಹುಪಾಲು ತುಂಡುಗಳು ಮೂರನೆಯ ಜಾತಿಯವು, ಸ್ಫೋಟದಲ್ಲಿ ಹರಿದವು. ನೂರರ ನಡುವೆ ಹಳೆಯ ಬಿರುಕಿರುವ ಒಂದು ತುಂಡನ್ನು ಹುಡುಕುವುದೇ ಕೆಲಸ.

ಸ್ಟೇನ್‌ಲೆಸ್ ಸ್ಟೀಲ್‌ಗೂ ನಮ್ಮ ಉಪ್ಪುಗಾಳಿ ತಾಗುತ್ತದಾ?

ತಾಗುತ್ತದೆ. 304 ದರ್ಜೆಯ ಪೈಪಿನ ಮೇಲೆ ಉಪ್ಪು ಕೂತು, ಬಿಸಿಲಿಗೆ ಕಾದು, ಎಳೆತ ಇರುವ ಜಾಗದಲ್ಲಿ ಬಿರುಕು ಬಿಡುತ್ತದೆ. ಹೊರಗೆ ತುಕ್ಕಿನ ಸಣ್ಣ ಚುಕ್ಕೆ ಮಾತ್ರ. ಒಳಗೆ ಬಿರುಕು ಮರದ ಕೊಂಬೆಯಂತೆ ಕವಲೊಡೆದಿರುತ್ತದೆ. ಕ್ಲಾಂಪಿನ ಅಡಿ, ಇನ್ಸುಲೇಶನ್ನಿನ ಅಡಿ, ವೆಲ್ಡಿನ ಪಕ್ಕ ಮೊದಲು ನೋಡಿ. ಇಲ್ಲಿ ಪಣಂಬೂರಿನಿಂದ ಪಡುಬಿದ್ರಿವರೆಗೆ ಕಡಲ ಪಕ್ಕ ಪ್ಲಾಂಟ್ ಇಟ್ಟವರಿಗೆ ಇದು ಹೊಸತಲ್ಲ, ಶ್ರೀಹರಿಕೋಟವೂ ಕಡಲ ದಂಡೆಯೇ.

ಅಲ್ಯೂಮಿನಿಯಂ ಕೂಡ ಹೊರತಲ್ಲ. 2013ರ ಆಗಸ್ಟ್ 19ರಂದು ಇಸ್ರೋದ ಜಿಎಸ್‌ಎಲ್‌ವಿ ಡಿ5 ರಾಕೆಟ್ಟಿನ ಎರಡನೇ ಹಂತದ ಇಂಧನ ಟ್ಯಾಂಕ್ ಸೋರಿ, ಉಡಾವಣೆಗೆ ಒಂದೂಕಾಲು ಗಂಟೆ ಇರುವಾಗ ಎಣಿಕೆ ನಿಂತಿತು. ಹಳೆಯ 7020 ಮಿಶ್ರಲೋಹಕ್ಕೆ ಕಾಲ ಕಳೆದಂತೆ ಬಿರುಕು ಬಿಡುವ ಗುಣವಿತ್ತು. 2219 ಮಿಶ್ರಲೋಹದ ಟ್ಯಾಂಕಿಗೆ ಬದಲಾಯಿಸಿ 2014ರ ಜನವರಿ 5ರಂದು ಹಾರಿಸಿದರು.

ಆಕ್ಸಿಜನ್ ಲೈನಿಗೆ ಎಣ್ಣೆ ತಾಗಬಾರದು ಅಂತ ಗೊತ್ತುಂಟು. ಎಣ್ಣೆ ಇಲ್ಲದೆಯೂ ವಾಲ್ವ್ ಹೊತ್ತಿತು, ಅದು ಹೇಗೆ?

ಎಣ್ಣೆ ಇಲ್ಲವೆಂದು ಅಷ್ಟು ಬೇಗ ಹೇಳಬೇಡಿ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲೇ ಗ್ಯಾಸ್ಕೆಟ್ ಹಿಡಿದರೂ ಸಾಕು. ಅದನ್ನು ಹೊರತುಪಡಿಸಿದ ಮೇಲೂ ಎರಡು ದಾರಿ ಉಳಿಯುತ್ತವೆ.

ಒಂದು, ಬಾಲ್ ವಾಲ್ವನ್ನು ತಟ್ಟನೆ ತೆರೆದದ್ದು. ಮುಚ್ಚಿದ ತುದಿಯಲ್ಲಿ ನಿಂತಿದ್ದ ಆಮ್ಲಜನಕ 1 ಬಾರ್‌ನಿಂದ 200 ಬಾರ್‌ಗೆ ಕ್ಷಣದಲ್ಲಿ ಅದುಮಿದರೆ ಅದರ ಉಷ್ಣತೆ ಲೆಕ್ಕದಲ್ಲಿ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಟೆಫ್ಲಾನ್ ಸೀಟ್ ಹೊತ್ತಿಕೊಳ್ಳಲು ಅಷ್ಟು ಬೇಡ. ಸೀಟಿನಿಂದ ಬೆಂಕಿ ಲೋಹಕ್ಕೆ ದಾಟುತ್ತದೆ. ಅದಕ್ಕೇ ಹೆಚ್ಚಿನ ಒತ್ತಡದ ಆಕ್ಸಿಜನ್‌ಗೆ ನಿಧಾನ ತೆರೆಯುವ ವಾಲ್ವ್, ಅದರ ಸುತ್ತ ಸಣ್ಣ ಬೈಪಾಸ್. ಎರಡು, ವೆಲ್ಡಿನ ಚೂರೋ ದಾರದ ತುಣುಕೋ ವೇಗವಾಗಿ ಹಾರಿ ತಿರುವಿಗೆ ಬಡಿಯುವುದು. ಇಂಥ ಬೆಂಕಿಯಲ್ಲಿ ಮೂಲ ಜಾಗವೇ ಉರಿದು ಮಾಯವಾಗಿರುತ್ತದೆ. ಉಳಿದ ಭಾಗದೊಳಗೆ ಸಿಡಿದು ಅಂಟಿದ ಲೋಹದ ಹನಿಗಳು ಯಾವ ಕಡೆ ಬಾಲ ಬಿಟ್ಟಿವೆ ಎಂದು ನೋಡಬೇಕು, ಅದೇ ವಾಲ್ವಿನ ಇನ್ನೊಂದು ಹೊಸತನ್ನು ಬಿಚ್ಚಿ ಪಕ್ಕದಲ್ಲಿಟ್ಟು ಹೋಲಿಸಬೇಕು.

ವಾಲ್ವ್ ಮುಚ್ಚಿದ್ದೇ ಪೈಪ್ ಒಡೆಯಲು ಕಾರಣ ಅಂತಾರೆ. ಮುಚ್ಚಿದರೆ ಒಡೆಯುವುದುಂಟಾ?

ನೀರಿನ ಲೈನಿನಲ್ಲಿ ಸೆಕೆಂಡಿಗೆ 3 ಮೀಟರ್ ಹರಿವು ತಟ್ಟನೆ ನಿಂತರೆ ಒತ್ತಡ ಸುಮಾರು 40 ಬಾರ್ ಏರುತ್ತದೆ. ದ್ರವ ಆಮ್ಲಜನಕದಲ್ಲಿ ಪ್ರತಿ ಮೀಟರ್ ವೇಗಕ್ಕೆ ಸುಮಾರು 10 ಬಾರ್. 16 ಬಾರ್ ಪೈಪಿಗೆ ಇದು ಧಾರಾಳ ಆಯಿತು. ಪರೀಕ್ಷೆ ತುರ್ತಾಗಿ ನಿಲ್ಲಿಸುವಾಗ ಎಲ್ಲ ವಾಲ್ವ್ ಒಟ್ಟಿಗೆ ಮುಚ್ಚುವಂತೆ ಪ್ರೋಗ್ರಾಂ ಬರೆದಿದ್ದರೆ ನಿಲ್ಲಿಸುವ ಕ್ರಮವೇ ಅವಘಡ ಮಾಡಿಸುತ್ತದೆ.

ಇನ್ನೊಂದು ನಿಧಾನದ್ದು: ಎರಡು ಮುಚ್ಚಿದ ವಾಲ್ವ್‌ಗಳ ನಡುವೆ ತಣ್ಣನೆ ದ್ರವ ಸಿಕ್ಕಿಕೊಳ್ಳುವುದು. ಅದು ಕಾದು ಹಿಗ್ಗಲು ಜಾಗವಿಲ್ಲ, ಪೈಪ್ ಬಿರಿಯುತ್ತದೆ. ಹೀಗೆ ಮುಚ್ಚಿಹೋಗಬಹುದಾದ ಪ್ರತಿ ತುಂಡಿಗೂ ಒಂದು ರಿಲೀಫ್ ವಾಲ್ವ್ (ಒತ್ತಡ ಮಿತಿಮೀರಿದರೆ ತಾನೇ ತೆರೆಯುವ ವಾಲ್ವ್) ಬೇಕೇ ಬೇಕು.

ನಮ್ಮ ಐಸ್ ಪ್ಲಾಂಟಿನ ಅಮೋನಿಯಾ ಲೀಕಿಗೂ ಈ ಕ್ರಮ ಆಗ್ತದಾ?

ಆಗುತ್ತದೆ. ಎರಡು ವಾಲ್ವ್ ನಡುವೆ ದ್ರವ ಸಿಕ್ಕಿ ಬಿರಿಯುವುದು ಅಮೋನಿಯಾ ಲೈನಿನಲ್ಲೂ ಆಗುತ್ತದೆ. ಆಫ್ ಸೀಸನ್ನಿಗೆ ಪ್ಲಾಂಟ್ ನಿಲ್ಲಿಸಿ ಎರಡೂ ಕಡೆ ಗಟ್ಟಿಯಾಗಿ ಮುಚ್ಚಿ ಹೋಗುವಾಗ ಇದನ್ನು ನೆನಪಿಡಿ. ಯಾರೋ ತುರ್ತಿಗೆ ಹಾಕಿದ ಹಿತ್ತಾಳೆ ಫಿಟ್ಟಿಂಗ್ ಇದೆಯಾ ಎಂದೂ ನೋಡಿ, ಅಮೋನಿಯಾ ಹಿತ್ತಾಳೆಯನ್ನು ತಿನ್ನುತ್ತದೆ. ಫೋಟೋ, ಗೆರೆ, ಚೀಲ, ಕಾಗದ ಎಲ್ಲ ಮೇಲೆ ಹೇಳಿದ ಹಾಗೆಯೇ.

## ಕಾರಣ ತೀರ್ಮಾನಿಸುವುದು

ಆಪರೇಟರ್ ತಪ್ಪು ವಾಲ್ವ್ ತೆರೆದ. ಅದೇ ಕಾರಣ ಅಂತ ಬರೆದು ಮುಗಿಸಬಹುದಲ್ಲ?

ಅದು ತನಿಖೆಯ ಮೊದಲ ಸಾಲು, ಕೊನೆಯದಲ್ಲ. ಎರಡು ವಾಲ್ವ್‌ಗಳ ಹಿಡಿ ಒಂದೇ ಬಣ್ಣದ್ದಾ? ಲೇಬಲ್ ಬಿಸಿಲಿಗೆ ಮಾಸಿತ್ತಾ? ತಪ್ಪು ಕ್ರಮದಲ್ಲಿ ತೆರೆಯಲು ಇಂಟರ್‌ಲಾಕ್ ಹೇಗೆ ಬಿಟ್ಟಿತು? ಚೆಕ್‌ಲಿಸ್ಟಿನ ಆ ಹೆಜ್ಜೆ ಹಾಳೆಯ ಹಿಂಬದಿಗೆ ಹೋಗಿತ್ತಾ? ಶಿಫ್ಟಿನ ಎಷ್ಟನೇ ಗಂಟೆ? ಅವನ ಜಾಗದಲ್ಲಿ ಬೇರೆ ಒಬ್ಬ ತರಬೇತಾದವನಿದ್ದರೂ ಹಾಗೆಯೇ ಮಾಡುತ್ತಿದ್ದನಾ ಎಂದು ಕೇಳಿ. ಹೌದು ಎಂದಾದರೆ ಕಾರಣ ಅವನಲ್ಲ.

ಅಪೊಲೊ 13ರ ಟ್ಯಾಂಕನ್ನು ಸುಮಾರು ಎಂಟು ಗಂಟೆ ಕಾಯಿಸಿ ಖಾಲಿ ಮಾಡಿದವರು ಅನುಭವವಿಲ್ಲದವರೇನಲ್ಲ. ಟ್ಯಾಂಕಿನೊಳಗಿನ ಥರ್ಮೋಸ್ಟಾಟ್ ಸ್ವಿಚ್ 28 ವೋಲ್ಟಿನದು, ಉಡಾವಣಾ ಕೇಂದ್ರದ ಸಪ್ಲೈ 65 ವೋಲ್ಟ್. ಸಪ್ಲೈ ಬದಲಾದದ್ದು ಕಾಗದದಲ್ಲಿ ಬಂದಿತ್ತು, ಸ್ವಿಚ್ ಬದಲಾಗಲೇ ಇಲ್ಲ. ಸ್ವಿಚ್ ತೆರೆಯಲು ಹೋಗಿ ಬೆಸೆದುಕೊಂಡಿತು, ತಂತಿಗಳ ಟೆಫ್ಲಾನ್ ಹೊದಿಕೆ ಸುಟ್ಟಿತು, ಟ್ಯಾಂಕ್ ಬಾಹ್ಯಾಕಾಶದಲ್ಲಿ ಸ್ಫೋಟಿಸಿತು.

ಫಾಲ್ಟ್ ಟ್ರೀ (ಸಾಧ್ಯವಿರುವ ಕಾರಣಗಳನ್ನೆಲ್ಲ ಮರದಂತೆ ಕವಲಾಗಿ ಬರೆದ ನಕ್ಷೆ) ಮಾಡಿದೆವು, ನೂರೈವತ್ತು ಬಾಕ್ಸ್ ಆಯಿತು. ಈಗ ಎಂತ ಮಾಡುವುದು?

ಪ್ರತಿ ಬಾಕ್ಸಿಗೂ ಮೂರು ಕಾಲಂ ಹಾಕಿ: ಪರವಾದ ಸಾಕ್ಷ್ಯ, ವಿರುದ್ಧ ಸಾಕ್ಷ್ಯ, ಇದನ್ನು ತೀರ್ಮಾನಿಸಲು ಬೇಕಾದ ಪರೀಕ್ಷೆ. ವಿರುದ್ಧ ಸಾಕ್ಷ್ಯ ಇಲ್ಲದೆ ಯಾವ ಬಾಕ್ಸನ್ನೂ ಮುಚ್ಚಬಾರದು. ‘ಹಾಗೆ ಆಗಲು ಸಾಧ್ಯವೇ ಇಲ್ಲ’ ಎಂಬ ಹಿರಿಯರ ಮಾತು ಸಾಕ್ಷ್ಯವಲ್ಲ, ಹೇಳಿದವರು ಎಷ್ಟೇ ಹಿರಿಯರಾಗಿರಲಿ.

2019ರ ಏಪ್ರಿಲ್ 20ರಂದು ಸ್ಪೇಸ್‌ಎಕ್ಸ್‌ನ ಕ್ರೂ ಡ್ರ್ಯಾಗನ್ ನೌಕೆ ನೆಲದ ಪರೀಕ್ಷೆಯಲ್ಲಿ, ಎಂಜಿನ್ ಹೊತ್ತುವ ಸುಮಾರು 100 ಮಿಲಿಸೆಕೆಂಡ್ ಮೊದಲು ಸ್ಫೋಟಿಸಿತು. ಸೋರಿದ ನೈಟ್ರೋಜನ್ ಟೆಟ್ರಾಕ್ಸೈಡ್ ಹೀಲಿಯಂ ಪೈಪಿಗೆ ಸೇರಿತ್ತು. ಒತ್ತಡ ಬಿಟ್ಟಾಗ ಆ ದ್ರವ ಗುಂಡಿನಂತೆ ಹೋಗಿ ಟೈಟಾನಿಯಂ ಚೆಕ್ ವಾಲ್ವಿಗೆ (ಒಂದೇ ದಿಕ್ಕಿಗೆ ಹರಿಯಲು ಬಿಡುವ ವಾಲ್ವಿಗೆ) ಬಡಿಯಿತು, ಟೈಟಾನಿಯಂ ಹೊತ್ತಿಕೊಂಡಿತು. ಆ ದ್ರವದ ಜೊತೆ ಟೈಟಾನಿಯಂ ಬಳಸುವುದು ಎಷ್ಟೋ ದಶಕಗಳ ರೂಢಿ. ರೂಢಿ ಎಂದು ಆ ಬಾಕ್ಸ್ ಮುಚ್ಚಿದ್ದರೆ ಕಾರಣ ಸಿಗುತ್ತಿರಲಿಲ್ಲ. ಆಮೇಲೆ ಚೆಕ್ ವಾಲ್ವಿನ ಬದಲು ಬರ್ಸ್ಟ್ ಡಿಸ್ಕ್ (ನಿಗದಿತ ಒತ್ತಡಕ್ಕೆ ಒಡೆದು ದಾರಿ ಬಿಡುವ ತಗಡು) ಹಾಕಿದರು.

ಕೊನೆಗೂ ಒಂದೇ ಕಾರಣ ಸಿಗದಿದ್ದರೆ?

ಸಿಗಲಿಲ್ಲ ಎಂದೇ ಬರೆಯಬೇಕು. 2014ರ ಅಕ್ಟೋಬರ್ 28ರ ಅಮೆರಿಕದ ಆಂಟಾರೆಸ್ ರಾಕೆಟ್ ಅವಘಡದಲ್ಲಿ ಎಂಜಿನ್ನಿನ ಆಮ್ಲಜನಕ ಪಂಪ್ ಸ್ಫೋಟಿಸಿದ್ದು ಖಚಿತವಾಯಿತು. ಯಾಕೆ ಎನ್ನುವುದಕ್ಕೆ ನಾಸಾದ ತನಿಖಾ ತಂಡ ಮೂರು ಸಾಧ್ಯತೆ ಕೊಟ್ಟಿತು: ವಿನ್ಯಾಸ ಸಾಕಷ್ಟು ಗಟ್ಟಿಯಿಲ್ಲದಿರುವುದು, ಹೊರಗಿನ ಕಸ ಒಳಹೋಗಿರುವುದು, ತಯಾರಿಕೆಯ ದೋಷ. ಒಂದನ್ನೇ ಆರಿಸಲು ಸಾಕ್ಷ್ಯ ಸಾಲಲಿಲ್ಲ. ಆಗ ಮೂರಕ್ಕೂ ಪರಿಹಾರ ಮಾಡಬೇಕು, ಇಲ್ಲವೇ ಎಂಜಿನ್ ಬದಲಾಯಿಸಬೇಕು. ಆ ರಾಕೆಟ್ಟಿನವರು ಎಂಜಿನ್ ಬದಲಾಯಿಸಿದರು.

ಕಾರಣ ಸಿಕ್ಕಿತು, ಸರಿ ಮಾಡಿದೆವು. ಇನ್ನು ಪರೀಕ್ಷೆ ಶುರು ಮಾಡಬಹುದಲ್ಲ?

ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಈ ಕಾರಣ ಡೇಟಾದಲ್ಲಿ ಕಂಡ ಪ್ರತಿಯೊಂದು ಅಸಹಜತೆಯನ್ನೂ ವಿವರಿಸುತ್ತದಾ? ಹಿಂದಿನ ಪರೀಕ್ಷೆಗಳಲ್ಲಿ ಯಾಕೆ ಆಗಲಿಲ್ಲ ಎಂದು ಹೇಳುತ್ತದಾ? ಸಣ್ಣ ಮಟ್ಟದಲ್ಲಿ ಬೇಕೆಂದೇ ಮಾಡಿ ನೋಡಿದರೆ ಮತ್ತೆ ಆಗುತ್ತದಾ? ನಾವು ಮಾಡಿದ ಬದಲಾವಣೆಯೇ ಹೊಸ ತೊಂದರೆ ತರುತ್ತದಾ? ಎರಡನೆಯ ಪ್ರಶ್ನೆಯಲ್ಲೇ ಬಹಳಷ್ಟು ವರದಿಗಳು ಎಡವುತ್ತವೆ.

ಜಪಾನಿನ ಎಪ್ಸಿಲಾನ್ ಎಸ್ ರಾಕೆಟ್ಟಿನ ಎರಡನೇ ಹಂತದ ಘನ ಇಂಧನ ಮೋಟಾರ್ 2023ರ ಜುಲೈ 14ರಂದು ನೊಶಿರೊದಲ್ಲಿ ಹೊತ್ತಿಸಿದ ಸುಮಾರು 57 ಸೆಕೆಂಡಿಗೆ ಸ್ಫೋಟಿಸಿತು. ಮೋಟಾರ್ ಹೊತ್ತಿಸುವ ಇಗ್ನೈಟರ್‌ನ ಲೋಹದ ಭಾಗ ಕರಗಿ ಚದುರಿ ಒಳಗಿನ ಉಷ್ಣನಿರೋಧಕ ಪದರಕ್ಕೆ ಹಾನಿಯಾಯಿತು ಎಂದು ತನಿಖೆ ಹೇಳಿತು. ಅದನ್ನು ಸರಿಪಡಿಸಿ 2024ರ ನವೆಂಬರ್ 26ರಂದು ತಾನೆಗಶಿಮಾದಲ್ಲಿ ಮತ್ತೆ ಪರೀಕ್ಷಿಸಿದರು. ಸುಮಾರು 49 ಸೆಕೆಂಡಿಗೆ ಅದೂ ಸ್ಫೋಟಿಸಿತು. ಸರಿಪಡಿಸಿದ ಮೇಲಿನ ಮೊದಲ ಪರೀಕ್ಷೆಗೆ ಹೊಸ ಎಂಜಿನ್ನಿನ ಮೊದಲ ಪರೀಕ್ಷೆಯಷ್ಟೇ ದೂರ, ಅಷ್ಟೇ ತಡೆಗೋಡೆ, ಮೊದಲಿಗಿಂತ ಹೆಚ್ಚು ಸೆನ್ಸರ್ ಇರಬೇಕು.

ನಮ್ಮದು ಕಾಲೇಜಿನ ಸಣ್ಣ ತಂಡ, ದೊಡ್ಡ ಲ್ಯಾಬ್ ಇಲ್ಲ. ಕಡಿಮೆ ಖರ್ಚಿನಲ್ಲಿ ಎಷ್ಟು ಮಾಡಬಹುದು?

ಬಹಳಷ್ಟು ಮಾಡಬಹುದು. ಎರಡು ಮೊಬೈಲ್ ಎರಡು ದಿಕ್ಕಿನಿಂದ ರೆಕಾರ್ಡ್ ಮಾಡಲಿ. ಎರಡರಲ್ಲೂ ಕಾಣುವಂತೆ ಒಂದು ಎಲ್‌ಇಡಿ ಇಟ್ಟು, ಇಗ್ನಿಷನ್ ಸಂಕೇತದ ಜೊತೆಗೇ ಅದು ಹೊತ್ತುವಂತೆ ಮಾಡಿದರೆ ವಿಡಿಯೋ ಮತ್ತು ಡೇಟಾ ಒಂದೇ ಸಮಯಕ್ಕೆ ಕೂಡುತ್ತವೆ. ಮುಖ್ಯ ಒತ್ತಡಕ್ಕೆ ಒಂದರ ಬದಲು ಎರಡು ಸೆನ್ಸರ್, ಬೇರೆಬೇರೆ ವೈರಿನಲ್ಲಿ. ಪರೀಕ್ಷೆಗೆ ಮೊದಲು ಪ್ರತಿ ಜೋಡಣೆಯ ಫೋಟೋ. ಒಂದು ಡಬ್ಬಿಯಲ್ಲಿ ಜಿಪ್ ಚೀಲ, ಸಿಲಿಕಾ ಜೆಲ್, ಪೇಂಟ್ ಮಾರ್ಕರ್, ಅಳತೆ ಟೇಪ್, ಕೈಗವಸು, ಜಾಗ ಸುತ್ತುವರಿಯಲು ಪಟ್ಟಿ. ಅವಘಡವಾದರೆ ಮೂಲ ಮೆಮೊರಿ ಕಾರ್ಡ್ ತೆಗೆದು ಬೀಗ ಹಾಕಿ, ಪ್ರತಿಯಲ್ಲಿ ಮಾತ್ರ ಕೆಲಸ ಮಾಡಿ. ನೋಡಿದವರೆಲ್ಲರೂ ಒಬ್ಬರೊಡನೆ ಒಬ್ಬರು ಮಾತಾಡುವ ಮೊದಲೇ ಕಂಡದ್ದನ್ನು ಬೇರೆಬೇರೆ ಹಾಳೆಯಲ್ಲಿ ಬರೆಯಲಿ. ಚಹಾ ಕುಡಿದ ಮೇಲೆ ಎಲ್ಲರ ನೆನಪೂ ಒಂದೇ ಆಗಿಬಿಡುತ್ತದೆ.

ಬಟನ್ ಒತ್ತಿದರೂ ಹೊತ್ತದ ಮೋಟಾರಿನ ಹತ್ತಿರ ಎಷ್ಟು ಹೊತ್ತು ಹೋಗಬಾರದು ಎಂಬುದನ್ನು ಪರೀಕ್ಷೆಯ ಹಿಂದಿನ ದಿನವೇ ಬರೆದು, ಮಾರ್ಗದರ್ಶಿ ಪ್ರಾಧ್ಯಾಪಕರ ಸಹಿ ಹಾಕಿಸಿ. ಆ ಹೊತ್ತು ಮುಗಿದ ಮೇಲೂ ಹೋಗುವ ಒಬ್ಬರ ಜೇಬಿನಲ್ಲಿ ಇಗ್ನಿಷನ್ ಪೆಟ್ಟಿಗೆಯ ಕೀಲಿ ಇರಬೇಕು. ಸ್ಫೋಟಕದ ಪಟ್ಟಿಗೆ ಬರುವ ಪದಾರ್ಥವಾದರೆ ಪೆಸೋದ ಲೈಸನ್ಸ್ ಇಲ್ಲದೆ ತರುವುದೂ ಬೇಡ, ಹಾಸ್ಟೆಲ್ ಕೋಣೆಯಲ್ಲಿ ಇಡುವುದೂ ಬೇಡ.